ಬಾಚಣಿಗೆಗೆ ಮಾರಿದ ಮಗಳು

ಡೋಂಗ್ ಹೋಯ್
ಏಪ್ರಿಲ್ 14, 2019

ನನ್ನ ಕಪ್ಪೆಮರೀ,

ನಾನು ಚೆನ್ನಾಗಿದ್ದೇನೆ. ನೀನೂ, ನಿನ್ನ ಸೋಯಾ ಹಾಲಿನ ಅಂಗಡಿಯೂ, ನಿನ್ನ ಮಂಡಿನೋವೂ ಹೇಗಿದ್ದೀರಿ? ಹೊಸವರ್ಷದ ಟೆಟ್ ಹಬ್ಬಕ್ಕೆಂದು ನೀನು ದಾ ಲಾತ್‌ನಿಂದ ಕಳಿಸಿದ ಸ್ಟ್ರಾಬೆರಿ ಜಾಮು ಬಂದು, ತಿಂದು ಮುಗಿದು, ಸೀಸೆ ತೊಳೆದು ಅದರಲ್ಲಿ ಮೆಣಸಿನಕಾಯಿ ಉಪ್ಪು ಹಾಕಿಟ್ಟದ್ದೂ ಆಯಿತು. ಒಂದು ಸಾಲು ಉತ್ತರ ಬರೆಯಲಿಲ್ಲ ಎಂದು ನೀನು ಮುನಿಸಿಕೊಂಡಿರಬೇಕು. ಮುನಿಸಿಕೋ, ನ್ಯಾಯವೇ. ಬರೆಯಲು ಕೂತಾಗಲೆಲ್ಲ ಒಂದೇ ವಿಷಯ ಬಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿತ್ತು. ಅದನ್ನು ಬಿಟ್ಟು ಬೇರೆ ಬರೆಯಲು ಮನಸ್ಸಿಲ್ಲ, ಅದನ್ನೇ ಬರೆಯಲು ಧೈರ್ಯವಿಲ್ಲ. ಹೀಗೆ ಎರಡು ತಿಂಗಳು ಕಳೆಯಿತು.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ನಿನ್ನ ಜೊತೆ ಫೋನಿನಲ್ಲಿ ಮಾತಾಡಿದ ಹಾಗೆಯೇ! ನಾನು ಒಂದು ವಾಕ್ಯ ಮುಗಿಸುವುದರೊಳಗೆ ನೀನು "ಸಕ್ಕರೆ ಹಾಕ್ಲಾ ಬೇಡ್ವಾ?" ಎಂದು ಯಾರನ್ನೋ ಕೇಳುತ್ತಿರುತ್ತೀಯ. ನನ್ನ ಎಡಗಿವಿ ಬಾಂಬುಗಳ ಕಾಲದಲ್ಲೇ ಹೋಯಿತು. ಬಲಗಿವಿಯೂ ಈಗ ಅದರ ದಾರಿಯನ್ನೇ ಹಿಡಿದಿದೆ. ಇನ್ನೊಂದು ಕಾರಣವೂ ಇದೆ, ನಗಬೇಡ. ಈ ಮಾತನ್ನು ಬಾಯಿಬಿಟ್ಟು ಆಡಿದರೆ ಕೇಳಬಾರದವರು ಕೇಳಿಸಿಕೊಳ್ಳುತ್ತಾರೆ ಎಂಬ ಭಯ ನೀನು ಹುಟ್ಟಿದಂದಿನಿಂದ ನನ್ನ ಎದೆಯಲ್ಲಿ ಕೂತಿದೆ. ದೆವ್ವಗಳಿಗೆ ಕಿವಿ ಬಲು ಚುರುಕು. ಆದರೆ ಓದು ಬರಹ ಬಾರದು ಎಂದು ನನ್ನ ಅಂದಾಜು. ಅದಕ್ಕೇ ಈ ಕಾಗದ.

ಸುತ್ತಿ ಬಳಸುವುದಿಲ್ಲ. ಹೋದ ವಾರ ನಾನು ಕಾತ್ ಡೋಗೆ ಹೋಗಿದ್ದೆ, ಯುದ್ಧದಲ್ಲಿ ಬಾಂಬಿಗೆ ಅಡಗಿ ನಾವೆಲ್ಲ ಬದುಕಿದ ನಮ್ಮೂರ ಸುರಂಗ ನೋಡುವುದಕ್ಕೆ. ನೋಡುವುದೇನು ಬಂತು, ನಿನ್ನನ್ನು ಬೂಯಿಯ ಕೈಯಿಂದ ಬಿಡಿಸಿಕೊಂಡು ಬರುವುದಕ್ಕೆ.

ಗಾಬರಿಯಾಗಬೇಡ, ನನ್ನ ತಲೆ ನೆಟ್ಟಗಿದೆ. ಹೋದ ಮಳೆಗಾಲದಲ್ಲಿ ನಿನ್ನ ಅಪ್ಪ ಹೋದರಲ್ಲ, ಅಂದಿನಿಂದ ಶುರುವಾದದ್ದು ಇದು. ನೋಡು, 'ನಿನ್ನ ಅಪ್ಪ' ಎಂದು ಬರೆದು ಅದನ್ನೇ ಎರಡು ಸಲ ಓದಿಕೊಂಡೆ. ಇಷ್ಟು ವರ್ಷವೂ 'ನಿನ್ನ ಚಿಕ್ಕಪ್ಪ' ಎಂದೇ ಬರೆದದ್ದು. ಅವತ್ತು ನೀನು ತಲೆಗೆ ಸೂತಕದ ಬಿಳಿಯ ಪಟ್ಟಿ ಕಟ್ಟಿಕೊಂಡು, ಶವದ ಪೆಟ್ಟಿಗೆಯ ಮೇಲೆ ಬಿದ್ದು, "ಚಿಕ್ಕಪ್ಪಾ, ಎದ್ದೇಳಿ ಚಿಕ್ಕಪ್ಪಾ" ಎಂದು ಅತ್ತೆ. ನಿನ್ನ ಹಾಗೆ ಅತ್ತವರು ಆ ಬೀದಿಯಲ್ಲೇ ಇಲ್ಲ. ನನ್ನ ಹಿಂದೆ ಕೂತಿದ್ದ ಒಬ್ಬ ಹೆಂಗಸು ಪಕ್ಕದವಳಿಗೆ ಹೇಳಿದಳು: "ಸಾಕುಮಗಳಿರ್ಬೇಕು ಪಾಪ. ಆದ್ರೂ ಹೆತ್ತ ಮಗಳ ಹಾಗೆ ಅಳ್ತಾಳೆ ನೋಡು." ಕೇಳಬೇಕಾದ ಯಾವುದೂ ಕೇಳಿಸದ ನನ್ನ ಕಿವಿಗೆ ಇದು ಮಾತ್ರ ನೆಟ್ಟಗೆ ಕೇಳಿಸಿತು.

ಅವರು ಒಂದು ದಿನವೂ 'ಅಪ್ಪ' ಎಂದು ಕರೆಸಿಕೊಳ್ಳದೆ ಹೋದರು. ಮುಂದಿನ ಸರದಿ ನನ್ನದು. ನನ್ನ ಪೆಟ್ಟಿಗೆಯ ಮೇಲೂ ನೀನು 'ಚಿಕ್ಕಮ್ಮಾ' ಎಂದು ಅಳುತ್ತೀಯ, ಹಿಂದೆ ಕೂತ ಯಾರೋ ಅದನ್ನೇ ಹೇಳುತ್ತಾರೆ. ಅದನ್ನು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ, ಮಿಯೆನ್. ನನಗೆ ಸಾವಿನ ಹೆದರಿಕೆಯಿಲ್ಲ. ಆದರೆ ಹೆತ್ತ ಮಗಳಿಗೆ ಚಿಕ್ಕಮ್ಮನಾಗಿ ಸಾಯಲಾರೆ.

ನಿನ್ನನ್ನು ಮಾರಿದ್ದು ನಿನಗೆ ಗೊತ್ತು. ಹೇಗೆ ಮಾರಿದೆ ಎಂದು ಪೂರ್ತಿ ಹೇಳಿಲ್ಲ, ಈಗ ಕೇಳು. ನಿನಗಿಂತ ಮುಂಚೆ ಎರಡು ಗಂಡುಮಕ್ಕಳು ಹುಟ್ಟಿ, ತಿಂಗಳು ತುಂಬುವುದರೊಳಗೆ ಹೋಗಿದ್ದವು. ನೀನು ಸುರಂಗದಲ್ಲಿ ಹುಟ್ಟಿದೆ. ನಿನ್ನ ಅಪ್ಪ ದೋಣಿಯಲ್ಲಿ ದ್ವೀಪಕ್ಕೆ ಅಕ್ಕಿ, ಮದ್ದುಗುಂಡು ಸಾಗಿಸಲು ಹೋದವರು, ಬದುಕಿದ್ದಾರೋ ಇಲ್ಲವೋ ಆಗ ತಿಳಿಯದು. ನೀನೋ, ಹಾಲು ಕುಡಿಯಲೂ ಶಕ್ತಿಯಿಲ್ಲದ ಒಂದು ಹಿಡಿ ಮೂಳೆ. ಇಂಥ ಮಗುವನ್ನು ಉಳಿಸಿಕೊಳ್ಳಲು ನಮ್ಮಲ್ಲಿ ಇರುವುದು ಒಂದೇ ದಾರಿ: ಗಟ್ಟಿಮುಟ್ಟಾದ ಮಕ್ಕಳಿರುವ ತಾಯಿಗೆ ಮಾರಿಬಿಡುವುದು. ಆಮೇಲೆ ದೆವ್ವ ನನ್ನ ಮಗುವನ್ನು ಹುಡುಕಿಕೊಂಡು ಬಂದರೆ ನನ್ನ ಹತ್ತಿರ ಮಗುವೇ ಇಲ್ಲ.

ಸುರಂಗದ ಗೋಡೆಯಲ್ಲಿ ಕೊರೆದ ಒಂದೊಂದು ಗೂಡೇ ಒಂದೊಂದು ಮನೆ; ನಮ್ಮ ಪಕ್ಕದ ಗೂಡಿನವಳೇ ಬೂಯಿ. ಎಮ್ಮೆಕರುಗಳಂಥ ಎರಡು ಗಂಡುಮಕ್ಕಳನ್ನು ಬೇರೆ ಮಕ್ಕಳ ಜೊತೆ ಉತ್ತರಕ್ಕೆ ಕಳಿಸಿ, ತಾನು ಮಣ್ಣು ಹೊರಲು ಉಳಿದುಕೊಂಡಿದ್ದಳು. ಸುರಂಗದಲ್ಲಿ ನಾವೆಲ್ಲ ಪಿಸುಗುಟ್ಟುವವರು; ಅವಳಿಗೆ ಪಿಸುಗುಟ್ಟುವುದೇ ಬರುತ್ತಿರಲಿಲ್ಲ. ನಿನ್ನನ್ನು ಎಣ್ಣೆದೀಪಕ್ಕೆ ಹಿಡಿದು ನೋಡಿ, ದೆವ್ವಗಳಿಗೆಲ್ಲ ಕೇಳಿಸಲಿ ಎಂದೇ ಕಿರುಚಿದಳು:

"ಅಯ್ಯಯ್ಯೋ, ಇದೇನೇ ಚಾಮ್, ಮಗುನೋ ಕಪ್ಪೆನೋ? ಇದನ್ನ ಯಾರು ತಗೋತಾರೆ? ದೆವ್ವಾನೂ ಮೂಗು ಮುಚ್ಕೊಂಡು ಓಡತ್ತೆ!"

"ನೀನೇ ತಗೊಳ್ಳೆ. ಮಾರ್ತೀನಿ."

"ಕೊಡೋಕೆ ನನ್ಹತ್ರ ಏನಿದೆ, ಮಣ್ಣು?" ಎಂದವಳು ಮುಡಿಗೆ ಕೈ ಹಾಕಿ ಬಾಚಣಿಗೆ ಕಿತ್ತು ನನ್ನ ಮಡಿಲಿಗೆ ಎಸೆದಳು. ಬಿದ್ದ ವಿಮಾನದ ಅಲ್ಯೂಮಿನಿಯಂ ತಗಡಿನಿಂದ ಅವಳ ಗಂಡ ಕೊರೆದದ್ದು. ಹಕ್ಕಿ ಕೆತ್ತಲು ಹೋಗಿ ಅದಕ್ಕೆ ಮೀನಿನ ಬಾಲ ಬಂದಿತ್ತು. "ತಗೋ. ಇವತ್ತಿಂದ ಈ ಕಪ್ಪೆ ನಂದು. ನೀನು ಬರೀ ಹಾಲು ಕುಡ್ಸೋ ಚಿಕ್ಕಮ್ಮ. ಬಾಯಿ ತಪ್ಪಿ ಇದು ನಿನ್ನ ಅಮ್ಮಾ ಅಂದ್ರೂ ನೀನು ಓ ಅನ್ನಬೇಡ, ಅಂದ್ಯೋ, ಗುಟ್ಟು ರಟ್ಟು. ಹನ್ನೆರಡು ತುಂಬಿದ ದಿನ ಬಾಚಣಿಗೆ ತಂದ್ಕೊಡು, ನಿನ್ನ ಮಗಳನ್ನ ಕರ್ಕೊಂಡು ಹೋಗು. ಒಂದು ಹಲ್ಲು ಮುರಿದಿದ್ರೂ ವಾಪಸ್ ಕೊಡಲ್ಲ ನೋಡು!"

ಕತ್ತಲಲ್ಲಿ ಸುತ್ತಲಿನ ಗೂಡುಗಳೆಲ್ಲ ನಕ್ಕವು. ಸುರಂಗದಲ್ಲಿ ನಾವು ಅಷ್ಟು ನಕ್ಕದ್ದು ನನಗೆ ಇನ್ನೊಂದು ಸಲ ನೆನಪಿಲ್ಲ.

ನಿನಗೆ ಹಲ್ಲು ಬರುವ ಮುಂಚೆಯೇ ಬೂಯಿ ಹೋದಳು. ಸುರಂಗದ ಕಡಲ ಕಡೆಯ ಬಾಯಿಂದ ಹೊರಗೆ ಹೋಗಿದ್ದಳು, ನಿನ್ನ ಬಟ್ಟೆ ಒಗೆಯಲು. ನಾನು ಹೋಗುತ್ತೇನೆ ಎಂದರೆ ಬಿಡಲಿಲ್ಲ. "ಕೊಂಡೋಳು ನಾನು, ಒಗೆಯೋಳೂ ನಾನೇ" ಎಂದು ಬಟ್ಟೆಯ ಬುಟ್ಟಿ ಕಸಿದುಕೊಂಡು ಹೋದಳು. ಮೇಲೆ ವಿಮಾನ ಬಂತು. ಅಷ್ಟೇ. ಯುದ್ಧ ಮುಗಿದ ಮೇಲೆ ಅವಳ ಗಂಡುಮಕ್ಕಳು ಬಂದು ಎಲುಬು ಆರಿಸಿಕೊಂಡು ಉತ್ತರಕ್ಕೆ ಒಯ್ದರು. ನಿನಗೆ ಹನ್ನೆರಡು ತುಂಬಿತು. ಬಾಚಣಿಗೆ ಯಾರ ಕೈಗೆ ಕೊಡಲಿ? ಊರ ಹಿರಿಯರನ್ನು ಕೇಳಿದರೆ, "ಕೊಂಡವಳೇ ಇಲ್ಲ ಅಂದ್ಮೇಲೆ ಬಿಡಿಸ್ಕೊಳ್ಳೋದು ಹೇಗಮ್ಮ? ಮಗು ಬದುಕಿದೆಯಲ್ಲ, ಕೆದಕೋಕೆ ಹೋಗಬೇಡ" ಎಂದರು. ನಾನೂ ಕೆದಕಲಿಲ್ಲ. ಎರಡು ಕಳಕೊಂಡವಳಿಗೆ ಮೂರನೆಯದರ ಮೇಲೆ ಪಂದ್ಯ ಕಟ್ಟುವ ಧೈರ್ಯ ಎಲ್ಲಿಂದ ಬರಬೇಕು?

ಅಪ್ಪನ ನೂರನೆಯ ದಿನದ ಪೂಜೆ ಮುಗಿದ ಮೇಲೆ ನಮ್ಮ ಬೀದಿಯ ಗುಡಿಯ ಥಿಯೆಪ್ ತಾತನ ಹತ್ತಿರ ಹೋದೆ. ಎಲ್ಲ ಕೇಳಿ, ವೀಳ್ಯ ಉಗಿದು, ಅವರು ಹೇಳಿದರು: "ಸತ್ತವರ ಜೊತೆ ವ್ಯಾಪಾರ ಮಾಡಬಾರದು ಅಂತ ಯಾರು ಹೇಳಿದ್ದು? ನಾವು ಮಾಡೋದೆಲ್ಲ ಅದೇ ತಾನೆ. ಆದರೆ ಮಾರಿದ ಜಾಗದಲ್ಲೇ ಬಿಡಿಸ್ಕೋಬೇಕು. ನಾಣ್ಯ ಹಾಕಿ ಕೇಳು. ಮೂರೇ ಸಲ. ಅವಳು ಒಪ್ಪಿದ ಮೇಲೆ ಮಗು ಅಮ್ಮಾ ಅನ್ನಬೇಕು, ನೀನು ಓ ಅನ್ನಬೇಕು. ಅಲ್ಲಿಗೆ ಲೆಕ್ಕ ಚುಕ್ತಾ."

"ಮಗುಗೆ ಐವತ್ತೆರಡು ವರ್ಷ ತಾತ."

"ಆದ್ರೇನು? ನನಗೆ ತೊಂಬತ್ತು. ನಮ್ಮಮ್ಮ ಬಂದು ಕರೆದ್ರೆ ಈಗ್ಲೂ ಓಡ್ತೀನಿ."

ಸರಿ, ಹೊರಟೆ. ಒಬ್ಬಳೇ ಹೋಗಬೇಡ ಎಂದು ಪಕ್ಕದ ಮನೆಯ ಬಿಕ್ ಗಂಟುಬಿದ್ದಳು. ಪೇಟೆಯಲ್ಲಿ ಹುಟ್ಟಿ ಪೇಟೆಯಲ್ಲೇ ಬೆಳೆದವಳು, ನೆಲಮಾಳಿಗೆಯನ್ನೂ ಕಂಡವಳಲ್ಲ. ಬಸ್ಸಿನುದ್ದಕ್ಕೂ ಕಲ್ಲಂಗಡಿ ಬೀಜ ಬಿಡಿಸುತ್ತ ಒಂದೇ ರಾಗ: "ದುಡ್ಡು ಕೊಟ್ಟು ಗುಂಡಿಗಿಳಿಯೋದಂತೆ! ಸತ್ಮೇಲೆ ಬಿಟ್ಟಿಯಾಗೇ ಇಳಿಸ್ತಾರಲ್ಲೇ, ಅಷ್ಟು ತಾಳಕ್ಕಾಗಲ್ವಾ?" ಬೆನ್ ಹಾಯ್ ಹೊಳೆಯ ಕಡೆಯಿಂದ ಬಿಸಿಗಾಳಿ ಶುರುವಾಗಿತ್ತು. ಕಾತ್ ಡೋ ಈಗ ನಿನಗೆ ಗುರುತೇ ಸಿಗದು. ಬಾಂಬಿನಿಂದ ಗುಂಡಿ ಬಿದ್ದಿದ್ದ ನೆಲವೆಲ್ಲ ರಬ್ಬರ್ ಮರ, ಮೆಣಸಿನ ಬಳ್ಳಿ. ಸುರಂಗದ ಬಾಯಿಯ ಹತ್ತಿರ ಬಸ್ಸು ನಿಲ್ಲಲು ಕಾಂಕ್ರೀಟಿನ ಬಯಲು.

ಟಿಕೆಟ್ಟಿನ ಹುಡುಗ ನಮ್ಮನ್ನು ನೋಡಿ, "ಹಿರಿಯರಿಗೆ ಅರ್ಧ ಅಜ್ಜಿ" ಎಂದ.

"ನಾನೇ ಅಗೆದ ಗುಂಡಿಗೆ ನನಗೇ ಟಿಕೆಟ್ಟೇನಪ್ಪ?"

"ಓ, ಇಲ್ಲೇ ಇದ್ದವರಾ? ಹಾಗಾದ್ರೆ ಬಿಟ್ಟಿ. ಏನಾದ್ರೂ ಗುರುತಿನ ಚೀಟಿ ಇದ್ಯಾ?"

ಬಿಕ್ ನನ್ನನ್ನು ಹಿಡಿದು ತಿರುಗಿಸಿದಳು. "ಬೆನ್ನು ನೋಡಪ್ಪ. ಸುರಂಗದ ಅಳತೆಗೇ ಬಗ್ಗಿದೆ, ಇನ್ನೇನು ಗುರುತು ಬೇಕು?"

ಹುಡುಗ ನಕ್ಕು ಕೈಬೀಸಿದ. ಆದರೂ ನಾನು ದುಡ್ಡು ಕೊಟ್ಟೇ ಒಳಗೆ ಹೋದೆ. ಇಲ್ಲಿದ್ದವಳು ಎಂದು ಹೇಳಿಕೊಂಡು ಇಳಿಯಲು ಯಾಕೋ ಮನಸ್ಸು ಬರಲಿಲ್ಲ. ಯಾರೋ ದೂರದ ಊರಿನ ಪ್ರವಾಸಿಯ ಹಾಗೆ ಇಳಿದರೆ ಭಯ ಕಡಿಮೆಯಾದೀತು ಎಂದುಕೊಂಡೆ.

ಮಾರ್ಗದರ್ಶಿ ಒಬ್ಬಳು ಹುಡುಗಿ, ಯೆನ್ ಎಂದು ಹೆಸರು, ಕೆಳಗಿನ ಕೇರಿಯವಳೇ. ಕತ್ತಿನಲ್ಲಿ ಮೈಕು. ನಮ್ಮ ಜೊತೆ ಹತ್ತಾರು ಬಿಳಿಯರು. ಅವರಲ್ಲೊಬ್ಬ ತೆಂಗಿನ ಮರದಷ್ಟು ಎತ್ತರದವನು, ಹೆಜ್ಜೆಗೊಮ್ಮೆ ಚಾವಣಿಗೆ ತಲೆ ಚಚ್ಚಿಸಿಕೊಂಡು ಗೋಡೆಯ ಹತ್ತಿರ ಕ್ಷಮೆ ಕೇಳುತ್ತಿದ್ದ. ಒಳಗೆ ಸಾಲಾಗಿ ದೀಪ, ಮೆಟ್ಟಿಲಿಗೆ ಸಿಮೆಂಟು, ಹಿಡಿದುಕೊಳ್ಳಲು ಬಿದಿರಿನ ಕಂಬಿ. ವಾಸನೆ ಮಾತ್ರ ಹಾಗೆಯೇ ಇತ್ತು, ಒದ್ದೆ ಕೆಂಪು ಮಣ್ಣಿನದು. ಆ ವಾಸನೆ ಮೂಗಿಗೆ ಬಂದ ಕೂಡಲೇ ನನ್ನ ಎದೆಯಲ್ಲಿ ಹಾಲು ಇಳಿದ ಹಾಗಾಯಿತು. ಎಪ್ಪತ್ತಾರರ ಮುದುಕಿಗೆ! ನಾಚಿಕೆಯಾಗಿ ಬಿಕ್‌ಗೂ ಹೇಳಲಿಲ್ಲ, ನಿನಗೆ ಹೇಳುತ್ತಿದ್ದೇನೆ.

ಕುಟುಂಬದ ಗೂಡುಗಳಿದ್ದ ಕಡೆಗೆ ಬಂದೆವು. ಅಲ್ಲಿ ನೋಡು, ನನ್ನ ಜಂಭವೆಲ್ಲ ಇಳಿಯಿತು. ಎಡಕ್ಕೆ ಗೂಡು, ಬಲಕ್ಕೆ ಗೂಡು, ಎಲ್ಲವೂ ಒಂದೇ ತರಹ. ಯಾವುದು ನಮ್ಮದು, ಯಾವುದು ಬೂಯಿಯದು, ಒಂದೂ ಗುರುತು ಹತ್ತಲಿಲ್ಲ.

"ಅಜ್ಜಿ, ಏನು ಹುಡುಕ್ತಿದೀರ?" ಎಂದು ಯೆನ್ ಮೈಕಿನಲ್ಲೇ ಕೇಳಿದಳು. ಸುರಂಗವೆಲ್ಲ ಮೊಳಗಿತು.

"ನಮ್ಮನೆ ಹುಡುಕ್ತಿದೀನಮ್ಮ. ಪಕ್ಕದವರ ಮನೇನೂ."

ಅವಳು ಮೈಕು ಮುಚ್ಚಿಕೊಂಡು ಹತ್ತಿರ ಬಂದಳು. "ಇಲ್ಲಿದ್ರಾ? ಯಾಕಜ್ಜಿ ಮೊದ್ಲೇ ಹೇಳಲಿಲ್ಲ? ಗುರುತು ಸಿಗ್ತಿಲ್ವಾ?"

"ಹೇಗೆ ಸಿಗುತ್ತಮ್ಮ? ನಾವೆಲ್ಲಿ ಇದನ್ನ ನೋಡಿದ್ವಿ? ಇದ್ದಷ್ಟು ದಿನಾನೂ ಕತ್ತಲು. ಈ ದೀಪ ಆರ್ಸೋಕಾಗುತ್ತಾ?"

ಒಂದು ಗಳಿಗೆ ಯೋಚಿಸಿ, ಬಿಳಿಯರಿಗೆ ಅವರ ಭಾಷೆಯಲ್ಲಿ ಏನೋ ಹೇಳಿ, ಅವಳು ಹೋಗಿ ಸ್ವಿಚ್ಚು ಆರಿಸಿದಳು. ಇದೂ ಟಿಕೆಟ್ಟಿನಲ್ಲಿ ಸೇರಿದೆ ಎಂದುಕೊಂಡು ಅವರು ಚಪ್ಪಾಳೆ ತಟ್ಟಿದರು. ಬಿಕ್ ಮಾತ್ರ "ಅಯ್ಯೋ ನನ್ನಪ್ಪಾ, ಸತ್ತೆ" ಎಂದು ನನ್ನ ಅಂಗಿಯ ತುದಿ ಹಿಡಿದುಕೊಂಡಳು. ನಾನು ಗೋಡೆಗೆ ಕೈಯಿಟ್ಟು ನಡೆದೆ. ದೀಪ ಇಡುತ್ತಿದ್ದ ಸಣ್ಣ ಗುಳಿ. ಕತ್ತರಿಸಿದ ಬೇರಿನ ಬುಡ. ಆಮೇಲೆ ಒಂದು ಮೂಲೆ, ನುಣುಪಾಗಿ, ಒಳಕ್ಕೆ ಸವೆದದ್ದು. ಕೈ ಅಲ್ಲೇ ನಿಂತುಬಿಟ್ಟಿತು. ಬೂಯಿ ಬೆನ್ನು ಉಜ್ಜಿಕೊಳ್ಳುತ್ತಿದ್ದ ಮೂಲೆ ಅದು. "ಗೋಡೆ ಸವೆದುಹೋಗತ್ತೆ ಕಣೇ" ಎಂದು ನಾನು ಬಯ್ಯುತ್ತಿದ್ದೆ. ಸವೆದೇ ಇತ್ತು.

"ಇದೇ" ಎಂದೆ. ದೀಪ ಬಂತು. ಬಿಕ್ ಕಿಟಾರನೆ ಕಿರುಚಿದಳು. ಗೂಡಿನೊಳಗೆ ಒಬ್ಬ ಹೆಂಗಸು ಕೂತಿದ್ದಳು.

ಗಾರೆಯ ಬೊಂಬೆ ಮಾರಾಯಿತಿ. ಮಗುವನ್ನು ಎತ್ತಿಕೊಂಡ ತಾಯಿ ಎಂದು ತೋರಿಸಲು ಇಟ್ಟಿದ್ದಾರೆ. ಗುಲಾಬಿ ಕೆನ್ನೆ, ತುಟಿಗೆ ಕೆಂಪು ಬಣ್ಣ. ತಿಂಗಳುಗಟ್ಟಲೆ ಬಿಸಿಲು ಕಾಣದೆ ನಾವು ಬಿಳಿಚಿಕೊಂಡ ಮೂಲಂಗಿಗಳ ಹಾಗಿದ್ದೆವು, ಇವಳೋ ಮದುವೆ ಹೆಣ್ಣಿನ ಹಾಗಿದ್ದಾಳೆ. ಬೂಯಿ ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಕಾಲಿನ ಹತ್ತಿರ ಬಿದಿರಿನ ಬುಟ್ಟಿ, ಮಡಿಲಲ್ಲಿ ಗಾರೆಯ ಮಗು. ಅದೂ ಗುಂಡುಗುಂಡಗೆ, ಒಂದು ಹಿಡಿ ಮೂಳೆಯಲ್ಲ.

ಯೆನ್‌ಗೆ ಎಲ್ಲ ಹೇಳಿದೆ. ಹೇಳದೆ ವಿಧಿಯಿರಲಿಲ್ಲ. ಅವಳು ಬಿಳಿಯರನ್ನು ಕಡಲ ಕಡೆಯ ಬಾಯಿಗೆ ಕಳಿಸಿ ವಾಪಸು ಬಂದಳು. "ಊದುಬತ್ತಿ ಹಚ್ಚೋ ಹಾಗಿಲ್ಲ ಅಜ್ಜಿ, ಹೊಗೆ ನಿಂತುಬಿಡುತ್ತೆ. ಹಚ್ಚದೇ ಇಡಿ, ಅವರಿಗೆ ಗೊತ್ತಾಗುತ್ತೆ" ಎಂದಳು. ಜಾಣೆ. ನಾನು ಬಾಚಣಿಗೆ ತೆಗೆದೆ, ತಟ್ಟೆ ಇಟ್ಟೆ. ಹಳೆಯ ತೂತಿನ ಕಾಸು ಎರಡನ್ನೂ ಒಂದು ಕಡೆ ವೀಳ್ಯದ ಸುಣ್ಣ ಬಳಿದು ತಂದಿದ್ದೆ. ಲೆಕ್ಕ ನಿನಗೆ ಗೊತ್ತೇ ಇದೆ: ಒಂದು ಬಿಳಿ ಒಂದು ಕಪ್ಪು ಬಿದ್ದರೆ ಒಪ್ಪಿಗೆ, ಎರಡೂ ಬಿಳಿಯಾದರೆ ಸತ್ತವರು ನಗುತ್ತಿದ್ದಾರೆ, ಒಪ್ಪಿಗೆಯಲ್ಲ, ಎರಡೂ ಕಪ್ಪಾದರೆ ಆಗದು.

"ಬೂಯಿ, ನಾನು ಕಣೇ, ಚಾಮ್" ಎಂದೆ. "ತಡವಾಯ್ತು, ಬಯ್ಯಬೇಡ. ಬಾಚಣಿಗೆ ತಂದಿದೀನಿ. ನನ್ನ ಮಗಳನ್ನ ಕೊಡು."

ಕಾಸು ಎಸೆದೆ. ಎರಡೂ ಬಿಳಿ.

"ನಗ್ತಿದಾಳೆ!" ಎಂದಳು ಬಿಕ್. ನಗದೆ ಇನ್ನೇನು ಮಾಡಿಯಾಳು? ನಲವತ್ತು ವರ್ಷ ತಡ ಮಾಡಿ ಬಂದವಳನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ. ಎರಡನೆಯ ಸಲ ಎಸೆದೆ.

ಎರಡೂ ಕಪ್ಪು.

ಬಿಕ್ ಬೀಜ ಅಗಿಯುವುದು ನಿಲ್ಲಿಸಿದಳು. ಆಗ ನೆನಪಾಯಿತು: ಬಾಚಣಿಗೆಯ ಒಂದು ಹಲ್ಲು ಇಲ್ಲ! ಮುರಿದವಳು ನೀನೇ, ಚಿಕ್ಕವಳಿದ್ದಾಗ ನಾಯಿಯ ಮೈ ಬಾಚಲು ಹೋಗಿ. ನನಗೆ ಸಿಟ್ಟು ಬಂತು ನೋಡು. ಸತ್ತವರು ಎಂದು ಮರ್ಯಾದೆ ಕೊಡಲೂ ತೋಚಲಿಲ್ಲ.

"ಒಂದು ಹಲ್ಲಿಗೆ ಇಷ್ಟು ಹಟವೇನೇ?" ಎಂದೆ. "ಮುರಿದಿದ್ದು ನೀನು ಕೊಂಡ್ಕೊಂಡ ಮಗಳೇ, ನಾನಲ್ಲ. ನಿನಗೆ ಎರಡು ಗಂಡುಮಕ್ಕಳಿದಾರೆ, ವರ್ಷ ವರ್ಷ ಎಡೆ ಇಡ್ತಾರೆ, ಅಮ್ಮಾ ಅಂತ ಕರೀತಾರೆ. ನನಗೆ ಯಾರಿದಾರೆ? ನಾನು ಹೆತ್ತೆ, ಹಾಲು ಕುಡ್ಸಿದೆ, ಅನ್ನ ಹಾಕಿದೆ, ಮದುವೆ ಮಾಡಿದೆ. ಐವತ್ತೆರಡು ವರ್ಷ ನಿನ್ನ ಮಗಳನ್ನ ಸಾಕಿದೀನಲ್ಲೇ, ಇನ್ನೂ ಸಾಲದಾ? ಸಾಕು ಬಿಡು ಬೂಯಿ. ಕೊಟ್ಬಿಡು."

ಮೂರನೆಯ ಸಲ ಎಸೆದೆ. ಒಂದು ಕಾಸು ತಟ್ಟೆಯಲ್ಲೇ ಬಿತ್ತು, ಬಿಳಿ. ಇನ್ನೊಂದು ತಟ್ಟೆಯ ಅಂಚಿಗೆ ಬಡಿದು, ಹಾರಿ, ಉರುಳಿಕೊಂಡು ಹೋಗಿ ಗಾರೆಯ ಹೆಂಗಸಿನ ಪೀಠದ ಹಿಂದಿನ ಸಂದಿಗೆ ಬಿತ್ತು.

ಆ ಕಾಸು ಬಿಳಿಯಾಗಿದ್ದರೆ ಎಲ್ಲ ಮುಗಿಯಿತು, ನಾಲ್ಕನೆಯ ಸಲ ಎಂಬುದಿಲ್ಲ. ಯೆನ್ ಬಿಳಿಯ ಸಮವಸ್ತ್ರದಲ್ಲೇ ಕೆಂಪು ಮಣ್ಣಿನ ಮೇಲೆ ಬೋರಲು ಮಲಗಿ, ಮೊಬೈಲಿನ ದೀಪ ಹಾಕಿ ಸಂದಿಯೊಳಗೆ ಮುಖ ತೂರಿಸಿದಳು. ಬಹಳ ಹೊತ್ತು ಹಾಗೆಯೇ ಇದ್ದಳು. ಎದ್ದಾಗ ಮೂಗಿನ ತುದಿಯೂ ಕೆಂಪು ಮಣ್ಣು.

"ಕಪ್ಪು ಅಜ್ಜಿ" ಎಂದಳು. "ಕಪ್ಪೇ."

"ಸರಿಯಾಗಿ ನೋಡಿದ್ಯೇನೇ ಹುಡ್ಗಿ?" ಎಂದಳು ಬಿಕ್.

"ನೋಡ್ದೆ. ಕಪ್ಪೇ."

ಅವಳ ಕಣ್ಣಲ್ಲಿ ನೀರಿತ್ತು. ಮಣ್ಣು ಬಿದ್ದಿತ್ತೋ ಏನೋ. ನಾನು ಬಗ್ಗಿ ನೋಡಲಿಲ್ಲ. ಬೆನ್ನು ಬಗ್ಗುವುದಿಲ್ಲ ಎಂದು ನೆಪ ಹೇಳಿದೆ. ಅದು ಬಗ್ಗಿಯೇ ಇದೆ ಎಂದು ಬಿಕ್‌ಗೆ ಗೊತ್ತು, ಆದರೂ ಅವಳು ಬಾಯಿ ಬಿಡಲಿಲ್ಲ. ಹುಡುಗಿ ನಿಜ ಹೇಳಿದಳೋ ಸುಳ್ಳು ಹೇಳಿದಳೋ, ನನಗೆ ತಿಳಿಯದು, ತಿಳಿಯುವ ಆಸೆಯೂ ಇಲ್ಲ. ಬೂಯಿ ಅವತ್ತು ದೆವ್ವಗಳಿಗೆ ಹೇಳಿದ್ದೂ ಸುಳ್ಳೇ ಅಲ್ಲವೇ? ಆ ಸುಳ್ಳಿನಿಂದಲೇ ನೀನು ಬದುಕಿದ್ದು. ಅದೇ ಗೂಡಿನಲ್ಲಿ ಇನ್ನೊಂದು ಹೆಣ್ಣುಜೀವ ನನಗಾಗಿ ಇನ್ನೊಂದು ಸುಳ್ಳು ಹೇಳಿದ್ದರೆ, ಹೇಳಿಸಿದವಳು ಬೂಯಿಯೇ ಎಂದು ತಿಳಿಯುತ್ತೇನೆ.

ಬಾಚಣಿಗೆಯನ್ನು ಗಾರೆಯ ಹೆಂಗಸಿನ ಮಡಿಲಲ್ಲಿ, ಮಗುವಿನ ಕಾಲಡಿ ಇಟ್ಟೆ. "ಇಲ್ಲಿ ಏನೂ ಬಿಟ್ಟು ಹೋಗೋ ಹಾಗಿಲ್ಲ" ಎಂದು ಯೆನ್ ಅಭ್ಯಾಸಬಲದಿಂದ ಹೇಳಿ, ತಾನೇ ನಾಲಿಗೆ ಕಚ್ಚಿಕೊಂಡಳು. "ಇರ್ಲಿ ಬಿಡಿ. ಹೊರಗೆ ಅಂಗಡೀಲಿ ಇಂಥವೇ ಬಾಚಣಿಗೆ ಮಾರ್ತಾರೆ. ಯಾರಾದ್ರೂ ಕೇಳಿದ್ರೆ, ಚೆಂದ ಕಾಣ್ಲಿ ಅಂತ ನಾನೇ ಇಟ್ಟೆ ಅಂತೀನಿ."

ಕಡಲ ಕಡೆಯ ಬಾಯಿಂದ ಹೊರಬಂದೆವು. ಬೂಯಿ ಬುಟ್ಟಿ ಹೊತ್ತು ಹೋದದ್ದು ಅದೇ ಬಾಯಿಂದ. ಅಲ್ಲಿ ಒಂದು ಗಳಿಗೆ ನಿಂತೆ. ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ, ಗಾಳಿ ಹಿತವಾಗಿತ್ತು. ದೂರದಲ್ಲಿ ನಿನ್ನ ಅಪ್ಪ ದೋಣಿ ಹಾಕಿಕೊಂಡು ಹೋಗುತ್ತಿದ್ದ ದ್ವೀಪ ಕಾಣುತ್ತಿತ್ತು. ಚಪ್ಪರದಡಿ ಪ್ರವಾಸಿಗರಿಗೆಲ್ಲ ಬೇಯಿಸಿದ ಮರಗೆಣಸು, ಎಳ್ಳುಪ್ಪು ಕೊಟ್ಟರು, ನಮ್ಮ ಕಾಲದ ಊಟ ಎಂದು. ಆ ಎತ್ತರದವನು ಹಣೆಯ ಬುಗುಟು ಉಜ್ಜಿಕೊಳ್ಳುತ್ತ ಭಾರೀ ರುಚಿ ಎಂದು ಹೆಬ್ಬೆರಳು ತೋರಿಸಿದ. ಸಾಯುವವರೆಗೂ ಮರಗೆಣಸು ಮುಟ್ಟುವುದಿಲ್ಲ ಎಂದು ಶಪಥ ಮಾಡಿದ್ದವಳು ನಾನು. ಇನ್ನೊಂದು ತುಂಡು ಕೇಳಿ ತಿಂದೆ. ಬಸ್ಸು ಹತ್ತುವಾಗ ಬಿಕ್ ಅಂದಳು: "ಅಂತೂ ಗುಂಡಿಗಿಳಿದು ವಾಪಸ್ ಬಂದ್ವಲ್ಲ. ಇನ್ನು ನಿಜವಾದ ಗುಂಡಿಗೆ ಹೆದರಲ್ಲ ನಾನು."

ಹೀಗಾಯಿತು ಕಥೆ. ನನ್ನ ಪಾಲಿನದು ನಾನು ಮಾಡಿದ್ದೇನೆ, ಮಿಯೆನ್. ಇನ್ನು ಉಳಿದದ್ದು ನಿನ್ನ ಪಾಲು. ನೀನು ಇದನ್ನೆಲ್ಲ ನಂಬುವವಳಲ್ಲ ಎಂದು ಗೊತ್ತು. ಐವತ್ತೆರಡು ವರ್ಷ ಒಂದು ಕಡೆ ತಿರುಗಿದ ನಾಲಿಗೆ ಇನ್ನೊಂದು ಕಡೆ ತಿರುಗುವುದು ಕಷ್ಟವೆಂದೂ ಗೊತ್ತು. ಬಲವಂತವಿಲ್ಲ. ನೀನು ಹೇಗೆ ಕರೆದರೂ ನನ್ನ ಮಗಳೇ, ಈಗಂತೂ ಬೂಯಿಯ ಹಂಗೂ ಇಲ್ಲ. ಮಂಡಿಗೆ ಶುಂಠಿ ಎಣ್ಣೆ ಹಚ್ಚು. ದಾ ಲಾತ್‌ನ ಚಳಿಯಲ್ಲಿ ಬೆಳಗಿನ ಜಾವ ಬರಿಗಾಲಲ್ಲಿ ಹಿಟ್ಟು ರುಬ್ಬಬೇಡ. ನಿನ್ನ ಮನೆಯ ದೀಪ ತಣ್ಣಗೆ ಉರಿಯಲಿ, ಹಾಲು ಉಕ್ಕಲಿ, ಗಿರಾಕಿಗಳು ಸಾಲುಗಟ್ಟಲಿ, ನಿನಗೆ ನನಗಿಂತ ಹೆಚ್ಚು ಆಯುಷ್ಯ ಬರಲಿ.

ಇಲ್ಲಿ ಏನೆಂದು ಸಹಿ ಹಾಕಲಿ? ಹಳೆಯದನ್ನು ಹಾಕಲು ಕೈ ಬರುತ್ತಿಲ್ಲ, ಹೊಸದನ್ನು ಹಾಕಲು ನೀನು ಇನ್ನೂ ಕರೆದಿಲ್ಲ. ಸದ್ಯಕ್ಕೆ,

ಚಾಮ್

ಮರೆತ ಮಾತು: ಮರೆತದ್ದಲ್ಲ, ಕೊನೆಗೆ ಇಟ್ಟುಕೊಂಡದ್ದು. ನೀನು ಒಮ್ಮೆ ನನ್ನನ್ನು ಕರೆದಿದ್ದೀಯ. ನಿನಗೆ ಆರು ವರ್ಷ, ಸುರಂಗ ಬಿಟ್ಟು ಗುಡಿಸಲು ಹಾಕಿಕೊಂಡ ವರ್ಷ. ದಡಾರ ಎದ್ದು ಮೈ ಕೆಂಡವಾಗಿತ್ತು. ಮಧ್ಯಾಹ್ನ ನಾನು ನೆತ್ತಿಗೆ ಒದ್ದೆಬಟ್ಟೆ ಹಾಕುತ್ತಿದ್ದಾಗ ನೀನು ಕಣ್ಣು ಬಿಟ್ಟು, ನನ್ನನ್ನೇ ನೋಡಿ, "ಅಮ್ಮಾ" ಅಂದೆ. ಪಕ್ಕದ ಗುಡಿಸಲಿನ ಮಕ್ಕಳಿಂದ ಕಲಿತಿದ್ದಿರಬೇಕು. ನಾನು ಓ ಅನ್ನಲಿಲ್ಲ. ನೀನು ಮತ್ತೆ ಕರೆದೆ. ನಾನು ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಬಾಯಿಗೆ ತುರುಕಿಕೊಂಡೆ. ನೀನು ಮೂರನೆಯ ಸಲ ಕರೆದು, ಉತ್ತರ ಬಾರದ್ದಕ್ಕೆ ಗೋಡೆಯ ಕಡೆ ತಿರುಗಿ ಮಲಗಿದೆ. ಜ್ವರ ಇಳಿಯಿತು. ಮಾರನೆಯ ಬೆಳಿಗ್ಗೆ ಗಂಜಿ ಕೇಳುವಾಗ "ಚಿಕ್ಕಮ್ಮ" ಅಂದೆ. ಆಮೇಲೆ ಎಂದೂ ನಿನ್ನ ಬಾಯಿ ತಪ್ಪಲಿಲ್ಲ. ಮಾಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಅಂಥದೇ ಮಧ್ಯಾಹ್ನ ಇನ್ನೊಂದು ಬಂದರೂ ಹಾಗೆಯೇ ಮಾಡುತ್ತೇನೆ, ನೀನು ಬದುಕಿದೆಯಲ್ಲ. ಆದರೆ ನಿನ್ನ ನಂತರ ನನಗೆ ಮಕ್ಕಳಾಗಲಿಲ್ಲ. ಆ ಮೂರು ಸಲ ಬಿಟ್ಟರೆ ನನ್ನನ್ನು ಯಾರೂ ಹಾಗೆ ಕರೆದಿಲ್ಲ. ಆ ಓ ಇನ್ನೂ ನನ್ನ ಗಂಟಲಲ್ಲೇ ಇದೆ. ಕಾಗದ ಮುಟ್ಟಿದ ದಿನ, ಗಿರಾಕಿಗಳು ಬರುವ ಮುಂಚೆ ಫೋನು ಮಾಡು. ಬಲಗಿವಿಗೆ ಹಿಡಿದಿರುತ್ತೇನೆ. ಸ್ವಲ್ಪ ಜೋರಾಗಿ ಕರೆ.